ಕಿಂಟಿನು ಕೊಟ್ಟ ಕೋವಿ

ದ್ವೀಪದ ಕಾಡಂಚಿನ ಊರಾದ ಸಾಂತ ರಿತದ ಜನ ಕಿಂಟಿನುವಿಗೆ 'ಎಣಿಸೋನು' ಎಂದು ಹೆಸರಿಟ್ಟು ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ಅವನ ಹೆಸರು 'ಒಂದಕ್ಕೆರಡು'. ಒಂದೇ ತೋಟಾದಲ್ಲಿ ಎರಡು ಪಾರಿವಾಳ ಕೆಡವುತ್ತಾನೆ ಎಂಬ ಮೆಚ್ಚುಗೆಗೆ ಬಂದ ಹೆಸರು ಅದು. ಹದಿನಾಲ್ಕನೆಯ ವಯಸ್ಸಿನಿಂದ ನಲವತ್ತಾರರವರೆಗೆ ಹೆಗಲಿನಿಂದ ಕೋವಿ ಇಳಿಸದಿದ್ದ ಮನುಷ್ಯ ಈಗ ಕಾಡಿನ ಕಚೇರಿಯವರು ಕೊಟ್ಟ ಹಸಿರು ಮಳೆಯಂಗಿ, ಉದ್ದನೆಯ ಬೂಟು ಹಾಕಿಕೊಂಡು, ಕೊರಳಿಗೆ ದಾರ ಕಟ್ಟಿ ಪೆನ್ಸಿಲ್ ಇಳಿಬಿಟ್ಟುಕೊಂಡು, ತಾನು ಕೊಲ್ಲುತ್ತಿದ್ದ ಅದೇ ಹಕ್ಕಿಯನ್ನು ಎಣಿಸಲು ಅದೇ ದಾರಿಯಲ್ಲಿ ಹೋಗುತ್ತಿದ್ದ. ಊರವರು ನಗದೆ ಏನು ಮಾಡಿಯಾರು?

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವನ ಅಕ್ಕ ಎರ್ಮೆಲಿಂಡ. ಅವಳು ಪೇಟೆಗೆ ಹೋಗಿ ಮಾರುವ ಹೆಂಗಸು. ವಾರಕ್ಕೆರಡು ಸಲ ಹೊಗೆ ಹಾಕಿದ ಮೀನು, ಕಾಡಿನ ಬಸವನಹುಳು, ಗಂಡ ತಿಬೂರ್ಸಿಯು ಹೊಡೆದು ತಂದ ಪಾರಿವಾಳ ಎಲ್ಲವನ್ನೂ ಬೇಸಿನ್ನಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ಹಳದಿ ವ್ಯಾನು ಹತ್ತುತ್ತಿದ್ದಳು. "ನನ್ನ ತಮ್ಮ ಹಕ್ಕಿ ಕೂಡ್ತಾನೆ, ನನ್ನ ಗಂಡ ಹಕ್ಕಿ ಕಳೀತಾನೆ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ರೆ ಲೆಕ್ಕ ಸರಿಹೋಗುತ್ತೆ" ಎನ್ನುತ್ತಿದ್ದಳು ವ್ಯಾನಿನವರ ಮುಂದೆಯೇ. ಕಿಂಟಿನು ಅದಕ್ಕೆ ಸಿಟ್ಟಾಗುತ್ತಿರಲಿಲ್ಲ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಎರ್ಮೆಲಿಂಡಳಿಗೆ ಹನ್ನೊಂದು. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಕೋಕೋ ಕಾಯಿ ಒಡೆಯುವ ಕೆಲಸಕ್ಕೆ ಹೋದವಳು ಅವಳು.

ಆ ಪಾರಿವಾಳ ಈ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ ಎಂದು ಅವನಿಗೆ ಹೇಳಿದವರು ಕಾಡಿನ ಕಚೇರಿಯ ಮುಖ್ಯಸ್ಥೆ ದೋನಾ ಇಸೌರ. ಮೊದಲ ಸಲ ಕೇಳಿದಾಗ ಅವನು ನಂಬಿರಲಿಲ್ಲ. ಹ್ಯಾಟೆಕೋಳಿಯಷ್ಟು ದಪ್ಪದ, ಒಣಗಿದ ರಕ್ತದ ಬಣ್ಣದ ಮೈ. ರೆಕ್ಕೆಯ ಮೇಲೆ ಸುಣ್ಣ ಚಿಮುಕಿಸಿದಂಥ ಚುಕ್ಕೆ. ಹಳದಿ ಕೊಕ್ಕು, ಹಳದಿ ಕಾಲು. ಎತ್ತರದ ಮರದ ನೆತ್ತಿಯಲ್ಲಿ ಕೂತು ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಅದಕ್ಕೆ ಮನುಷ್ಯನೆಂದರೆ ಭಯವೆಂಬುದೇ ಗೊತ್ತಿಲ್ಲ. ಜೋಡಿಯಲ್ಲಿ ಒಂದು ಬಿದ್ದರೆ ಇನ್ನೊಂದು ಹಾರುವುದಿಲ್ಲ. ಕತ್ತು ಬಗ್ಗಿಸಿ ಕೆಳಗೆ ನೋಡುತ್ತ, ಎರಡನೆಯ ತೋಟಾ ತುಂಬುವವರೆಗೂ ಕೂತಿರುತ್ತದೆ. ಕಿಂಟಿನುವಿನ ಅಪ್ಪ ಹಿತ್ತಲಿನ ದೀವಿಹಲಸಿನ ಮರದ ಬುಡದಲ್ಲಿ ಕೂತೇ ಅದನ್ನು ಹೊಡೆಯುತ್ತಿದ್ದ. ಕಿಂಟಿನುವಿಗೆ ಮೂವತ್ತಾಗುವ ಹೊತ್ತಿಗೆ ಅರ್ಧ ದಿನ ನಡೆಯಬೇಕಾಗಿತ್ತು. ಈಗ ಎರಡು ದಿನ ನಡೆದು, ಮೂರು ಹೊಳೆ ದಾಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸಲ ಐದು ದಿನ ಅಲೆದು ಬರಿಗೈಯಲ್ಲಿ ಬಂದ ಮೇಲೆ ಅವನು ದೋನಾ ಇಸೌರ ಹೇಳಿದ ಕೆಲಸಕ್ಕೆ ಒಪ್ಪಿಕೊಂಡ. ಅವರದ್ದು ಒಂದೇ ಷರತ್ತು: ಮನೆಯಲ್ಲಿ ಕೋವಿ ಇರಕೂಡದು.

ಕೋವಿಯನ್ನು ಅವನು ತಿಬೂರ್ಸಿಯುವಿಗೆ ಕೊಟ್ಟ. ಈ ಕತೆಯಲ್ಲಿ ಆಗಿದ್ದೆಲ್ಲ ಆದದ್ದು ಅಲ್ಲಿಂದ.

ಅದು ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ. ಕೊಡುವುದಕ್ಕೆ ಒಂದು ತಿಂಗಳು ಮುಂಚೆ, ಬಿಚ್ಚಿ ಎಣ್ಣೆ ಹಾಕುವಾಗ, ನಳಿಗೆಯ ಬುಡದಲ್ಲಿ ಮರದ ಹಿಡಿಕೆಯ ಅಡಿಗೆ ಒಂದು ಕೂದಲೆಳೆ ಕಂಡಿತ್ತು. ಒರೆಸಿದರೆ ಹೋಗಲಿಲ್ಲ. ಉಗುರು ಆಡಿಸಿದರೆ ಉಗುರು ಸಿಕ್ಕಿಕೊಂಡಿತು. ಕಿಂಟಿನು ಹಿಡಿಕೆಯನ್ನು ಮತ್ತೆ ಕೂರಿಸಿ, ಅದರ ಮೇಲೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿಟ್ಟ. ಆಮೇಲೆ ಆ ಕೋವಿಯಿಂದ ಅವನು ಒಂದು ಈಡೂ ಹೊಡೆಯಲಿಲ್ಲ.

ತಿಬೂರ್ಸಿಯು ಬದಲಿಗೆ ಕೊಡುತ್ತೇನೆಂದದ್ದು ಗಬ್ಬದ ಹಂದಿ. ಕಪ್ಪು ಮೈಯ, ನೆಲಕ್ಕೆ ಹೊಟ್ಟೆ ತಾಗುವಂಥ ಹಂದಿ. ಅದನ್ನು ಹಗ್ಗ ಹಿಡಿದು ಎಳೆದುಕೊಂಡೇ ಬಂದಿದ್ದ.

"ಈ ತಂತಿ ಯಾಕೋ ಸುತ್ತಿದ್ದೀಯ?" ಎಂದು ಕೇಳಿದ ಕೋವಿಯನ್ನು ತಿರುಗಿಸುತ್ತ.

ಹಂದಿ ಕಿಂಟಿನುವಿನ ಅಂಗಳದ ಮಣ್ಣನ್ನು ಆಗಲೇ ಮೂತಿಯಿಂದ ಕೆದಕುತ್ತಿತ್ತು. "ಹಿಡಿಕೆ ಅಲ್ಲಾಡ್ತಿತ್ತು" ಎಂದ ಕಿಂಟಿನು. ಸ್ವಲ್ಪ ತಡೆದು, "ಮದ್ದು ಕಡಿಮೆ ಹಾಕು ಭಾವ. ಮುದಿ ಕೋವಿ" ಎಂದ.

"ಮುದಿಯಾದ್ರೇನು? ನಿನ್ನಕ್ಕನಿಗೂ ವಯಸ್ಸಾಯ್ತು, ಸದ್ದೇನಾದ್ರೂ ಕಡಿಮೆಯಾಗಿದ್ಯಾ?" ಎಂದು ತಿಬೂರ್ಸಿಯು ಹೊಟ್ಟೆ ಕುಲುಕಿಸಿ ನಕ್ಕ.

ಹಂದಿ ಮುಂದಿನ ವಾರ ಒಂಬತ್ತು ಮರಿ ಹಾಕಿತು.

ಹೇಳಬೇಕು, ಹೇಳಬೇಕು ಎಂದುಕೊಂಡೇ ಎರಡು ವರ್ಷ ಹೋಯಿತು. ತಿಬೂರ್ಸಿಯು ಕಾಡಿಗೆ ಹೋದಾಗಲೆಲ್ಲ ಕಿಂಟಿನುವಿಗೆ ಊಟ ಸೇರುತ್ತಿರಲಿಲ್ಲ. ಅವನು ಹಾಡುತ್ತ ವಾಪಸು ಬಂದು ಹಕ್ಕಿಗಳ ಗೊಂಚಲನ್ನು ಬಾಗಿಲ ಮೊಳೆಗೆ ನೇತುಹಾಕಿದ್ದು ಕಂಡರೆ, ಅದು ಬಿರುಕೇ ಅಲ್ಲವೇನೋ, ಗೀರಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಸಮಯ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ಹಂದಿಯೊಂದೇ ಹೋಗುತ್ತಿತ್ತು. ಈಗ ಹೇಳಿದರೆ, ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆಯಾ ಎಂಬ ಮಾತು ಬರುತ್ತದೆ.

ಮೂರನೆಯ ವರ್ಷದ ಜುಲೈ ತಿಂಗಳು. ಮಳೆ ನಿಂತು, ಗಾಳಿ ತಣ್ಣಗಾಗಿ, ಹೊಳೆಗಳಲ್ಲಿ ನೀರು ಇಳಿದಿತ್ತು. ಎಣಿಕೆಗೆ ಯಾವಾಗಲೂ ಇಬ್ಬರು ಹೋಗಬೇಕು. ಜೊತೆಯವನಿಗೆ ಜ್ವರ ಬಂದದ್ದರಿಂದ ಕಿಂಟಿನು ಒಬ್ಬನೇ ಹೊರಟ. ಎರಡನೆಯ ದಿನ ಸಂಜೆಯ ಹೊತ್ತಿಗೆ ಬೇಟೆಗಾರರ ಹಳೆಯ ಬಿಡಾರಕ್ಕೆ ಬಂದರೆ ಅಲ್ಲಿ ಹೊಗೆ ಏಳುತ್ತಿತ್ತು. ತಿಬೂರ್ಸಿಯು ಬೆಂಕಿಯ ಮುಂದೆ ಕೂತು ಬಾಳೆಕಾಯಿ ಸುಡುತ್ತಿದ್ದ. ಕೋವಿ ಮರಕ್ಕೆ ಒರಗಿತ್ತು. ಚೀಲದಿಂದ ಎರಡು ಜೊತೆ ಹಳದಿ ಕಾಲು ಹೊರಗೆ ಇಣುಕುತ್ತಿದ್ದವು.

"ಬಾರೋ ಎಣಿಸೋನೇ" ಎಂದ ತಿಬೂರ್ಸಿಯು. "ಎರಡಿದೆ ಚೀಲದಲ್ಲಿ. ಬರ್ಕೋ, ನಿನಗೆ ಮರ ನೋಡಿ ಕತ್ತು ನೋಯೋದು ತಪ್ಪುತ್ತೆ."

"ನಾನು ನಿನ್ನ ನೋಡಿಲ್ಲ ಭಾವ. ನೋಡಿದ್ರೆ ಕಚೇರಿಗೆ ಹೇಳ್ಬೇಕು."

"ಹಾಗಿದ್ರೆ ನೋಡದಿರೋನ ಕೈಯಿಂದ ಬಾಳೆಕಾಯಿ ತಿನ್ನು. ನಿನ್ನಕ್ಕ ಖಾರದ ಎಣ್ಣೆ ಕಳಿಸಿದ್ದಾಳೆ."

ಇಬ್ಬರೂ ತಿಂದರು. ಕತ್ತಲಾಗುವ ಮುಂಚೆ ತಿಬೂರ್ಸಿಯು ನಾಳೆಗೆಂದು ಖಾಲಿ ತೋಟಾಗಳಿಗೆ ಮದ್ದು, ಸೀಸ ಕರಗಿಸಿ ಮಾಡಿದ ಚರೆ ತುಂಬತೊಡಗಿದ. ಮದ್ದನ್ನು ಅವನು ಅಳತೆಯಿಲ್ಲದೆ ಅಂಗೈಯಿಂದ ಸುರಿಯುತ್ತಿದ್ದದ್ದು ಕಿಂಟಿನುವಿಗೆ ಕಾಣುತ್ತಿತ್ತು.

"ಕಡಿಮೆ ಹಾಕು ಅಂದಿದ್ನಲ್ಲ."

"ಹಕ್ಕಿ ಮೇಲಕ್ಕೆ ಹೋಗಿದ್ಯಲ್ಲೋ ಈಗ. ಮೊದಲಿನ ಹಾಗೆ ಮೂಗಿನ ಮುಂದೆ ಕೂರುತ್ತಾ? ಅಲ್ಲೀತನಕ ಚರೆ ಮುಟ್ಬೇಡ್ವಾ?"

ಅದೇ ಹೊತ್ತು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಕಿಂಟಿನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ. "ಭಾವ, ಆ ಕೋವಿ…" ಎಂದು ಶುರುವೂ ಮಾಡಿದ. ತಿಬೂರ್ಸಿಯು ತಲೆಯೆತ್ತದೆ, "ವಾಪಸ್ ಬೇಕು ಅಂತೀಯೇನೋ? ಹಂದಿ ಮರಿಗಳ ಸಮೇತ ಕೊಡು, ಕೊಡ್ತೀನಿ" ಎಂದು ನಕ್ಕುಬಿಟ್ಟ. ಕಿಂಟಿನುವೂ ನಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಬೆಳಿಗ್ಗೆ ಇಬ್ಬರೂ ಬೇರೆ ಬೇರೆ ದಿಕ್ಕು ಹಿಡಿದರು. ಕಿಂಟಿನು ಏಣು ಹತ್ತಿ, ಎಣಿಕೆಯ ಮೊದಲ ಗುರುತಿನ ಮರದಡಿ ನಿಂತು, ಗಡಿಯಾರ ನೋಡಿ ಹತ್ತು ನಿಮಿಷ ಕಿವಿಗೊಟ್ಟ. ಮಂಜಿನೊಳಗಿಂದ ಪಾರಿವಾಳದ ದಪ್ಪ ದನಿ ಒಂದೆರಡು ಸಲ ಕೇಳಿಸಿತು. ಬರೆದುಕೊಂಡ. ಎರಡನೆಯ ಮರಕ್ಕೆ ಹೋಗುವಷ್ಟರಲ್ಲಿ ಕೆಳಗಿನ ಕೊಳ್ಳದಿಂದ ಈಡಿನ ಸದ್ದು ಬಂತು. ಮೂವತ್ತು ವರ್ಷ ಆ ಸದ್ದಿನೊಂದಿಗೆ ಬಾಳಿದ ಕಿವಿ ಅವನದು. ಈ ಸದ್ದು ಮುಂದಕ್ಕೆ ಹೋಗದೆ ಅಲ್ಲೇ ಸಿಡಿದು ಅಲ್ಲೇ ನಿಂತಿತ್ತು. ಅವನು ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿಜಾರಿನಲ್ಲಿ ಓಡಿದ.

ತಿಬೂರ್ಸಿಯು ಅತ್ತಿಯ ಜಾತಿಯ ದೊಡ್ಡ ಮರವೊಂದರ ಬೇರುಗಳ ನಡುವೆ ಕಾಲು ಚಾಚಿ ಕೂತಿದ್ದ. ಎಡಗೈಯಲ್ಲಿ ಹೆಬ್ಬೆಟ್ಟು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಎಡಗಣ್ಣು ಮುಚ್ಚಿಹೋಗಿ ಕೆನ್ನೆ ಕಪ್ಪಾಗಿತ್ತು. ಅದಕ್ಕಿಂತ ಕೆಟ್ಟದ್ದು ಪಕ್ಕೆಲುಬಿನ ಕೆಳಗಿನ ಗಾಯ. ಬೆರಳು ಹೋಗುವಷ್ಟೇ ಅಗಲದ ತೂತು. ರಕ್ತ ಹೆಚ್ಚೇನೂ ಬರುತ್ತಿರಲಿಲ್ಲ, ಆದರೆ ನಳಿಗೆಯ ಚೂರು ಒಳಗೇ ಇತ್ತು. ಹೂವಿನಂತೆ ಬಿಚ್ಚಿಕೊಂಡ ನಳಿಗೆ, ಅದಕ್ಕೆ ಜೋತುಬಿದ್ದ ತಾಮ್ರದ ತಂತಿ ಪಕ್ಕದಲ್ಲೇ ಬಿದ್ದಿದ್ದವು.

"ಕಿಂಟು, ಹಕ್ಕಿ ಬಿತ್ತಾ?" ಎಂದ ತಿಬೂರ್ಸಿಯು.

ಕಿಂಟಿನು ಮೇಲೆ ನೋಡಿದ. ಕೊಂಬೆಯ ಮೇಲೆ ಎರಡು ಹಕ್ಕಿ ಒಂದರ ಪಕ್ಕ ಒಂದು ಕೂತಿದ್ದವು. ಒಂದು ಕತ್ತು ಬಗ್ಗಿಸಿ ಕೆಳಗೆ ನೋಡಿತು. ಇನ್ನೊಂದು ಕತ್ತು ಚಾಚಿ ಹಣ್ಣೊಂದನ್ನು ಕಿತ್ತು, ಗಂಟಲು ಉಬ್ಬಿಸಿ ನುಂಗಿತು.

"ಇಲ್ಲ. ಅಲ್ಲೇ ಇದೆ."

"ಎರಡೂನಾ?"

"ಎರಡೂ."

"ಬರ್ಕೋ ಹಾಗಾದ್ರೆ" ಎಂದ ತಿಬೂರ್ಸಿಯು. ಆಮೇಲೆ ತನ್ನ ಕೈ ನೋಡಿಕೊಂಡ.

ಕಿಂಟಿನು ಅಂಗಿ ಹರಿದು ಮಣಿಕಟ್ಟಿನ ಮೇಲೆ ಬಿಗಿದು ಕಟ್ಟಿದ. ಹೊಟ್ಟೆಗೆ ಮಳೆಯಂಗಿ ಸುತ್ತಿದ. ಆ ಕಾಡಿನಲ್ಲಿ ಫೋನೆಂದರೆ ಬರೀ ಟಾರ್ಚು. ಒಬ್ಬನೇ ಓಡಿದರೆ ನಾಳೆ ಬೆಳಕು ಹರಿಯುವಷ್ಟರಲ್ಲಿ ಊರು ಸಿಗುತ್ತದೆ. ಜನ ಬಂದು ಇಲ್ಲಿಗೆ ಮುಟ್ಟಲು ಮತ್ತೆ ಎರಡು ದಿನ. ಅವನು ಅದನ್ನು ಬಾಯಿಬಿಟ್ಟು ಹೇಳುವ ಮುಂಚೆಯೇ ತಿಬೂರ್ಸಿಯು ಅವನ ಪ್ಯಾಂಟಿನ ಕಾಲನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ.

"ಬಿಟ್ಟು ಹೋಗ್ಬೇಡ ಕಣೋ. ಕಾಡುಹಂದಿ ಬರ್ತವೆ."

ಬೇಟೆಚೀಲವನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಹೊದೆಯುವ ಬಟ್ಟೆಯನ್ನು ಹೆಂಗಸರು ಮಗುವನ್ನು ಕಟ್ಟುವ ಹಾಗೆ ಸುತ್ತಿ, ಕಿಂಟಿನು ಅವನನ್ನು ಬೆನ್ನಿಗೆ ಕಟ್ಟಿಕೊಂಡ. ತಿಬೂರ್ಸಿಯು ಮೈ ತುಂಬಿದ ಮನುಷ್ಯ. ಮೊದಲ ಏರನ್ನು ಕಿಂಟಿನು ಬೇರುಗಳನ್ನು ಹಿಡಿದು ಹತ್ತಿದ. ಹತ್ತು ಹೆಜ್ಜೆ, ಮರಕ್ಕೆ ಒರಗಿ ಉಸಿರು. ಮತ್ತೆ ಹತ್ತು ಹೆಜ್ಜೆ. ಇಳಿಜಾರಿನಲ್ಲಿ ಕೂತುಕೊಂಡೇ ಜಾರಿದ. ಬೆನ್ನ ಮೇಲಿನವನು ನೋವಿಗೆ ಹಲ್ಲು ಕಚ್ಚುವುದು ಕಿವಿಯ ಪಕ್ಕದಲ್ಲೇ ಕೇಳಿಸುತ್ತಿತ್ತು. ನೋವು ತಗ್ಗಿದಾಗ ಅವನು ಮಾತಾಡುತ್ತಿದ್ದ.

"ಕಚೇರಿಯೋರು ಕೊಟ್ಟ ಬೂಟು ಚೆನ್ನಾಗಿದೆ. ಜಾರ್ತಾನೇ ಇಲ್ಲ."

"ಮಾತಾಡ್ಬೇಡ ಭಾವ. ಸುಮ್ನಿರು."

"ನನಗೂ ಒಂದು ಜೊತೆ ಕೊಡಿಸು. ಎಣಿಸೋಕೆ ನಾನೂ ಬರ್ತೀನಿ. ಒಂದು ಕಣ್ಣಿರೋನು ಅರ್ಧ ಎಣಿಸಿದ್ರೆ ಸಾಕಲ್ವಾ?"

ಮೊದಲ ಹೊಳೆ ದಾಟುವಾಗ ನೀರು ಸೊಂಟದವರೆಗಿತ್ತು. ನಡುನೀರಿನಲ್ಲಿ ಕಿಂಟಿನುವಿನ ಕಾಲು ಕಲ್ಲುಗಳ ಸಂದಿಗೆ ಸಿಕ್ಕಿ, ಇಬ್ಬರೂ ಮುಳುಗಿ ಎದ್ದರು. ಎಣಿಕೆಯ ಪುಸ್ತಕ ನೀರುಪಾಲಾಯಿತು. ದಡಕ್ಕೆ ಬಂದ ಮೇಲೆ ತಿಬೂರ್ಸಿಯುವಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕತ್ತಲಾಗುವ ಹೊತ್ತಿಗೆ ಚಾಚುಬಂಡೆಯೊಂದರ ಅಡಿಗೆ ಬಂದರು. ಅಲ್ಲಿ ಒಣಸೌದೆ ಸಿಕ್ಕಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಬೆಂಕಿಪೊಟ್ಟಣ ಪುಣ್ಯಕ್ಕೆ ನೆನೆದಿರಲಿಲ್ಲ.

ತಿನ್ನಲು ಚೀಲದಲ್ಲಿದ್ದ ಪಾರಿವಾಳಗಳು ಬಿಟ್ಟು ಬೇರೇನೂ ಇರಲಿಲ್ಲ. ಕಿಂಟಿನು ಒಂದರ ಪುಕ್ಕ ಕಿತ್ತ. ಎರಡು ವರ್ಷದಿಂದ ಮುಟ್ಟದಿದ್ದರೂ ಬೆರಳುಗಳಿಗೆ ಮರೆತಿರಲಿಲ್ಲ. ಹೊಟ್ಟೆ ಸೀಳಿದಾಗ ಒಳಗೆ ಇಡೀ ಹಣ್ಣುಗಳು, ಬೀಜಗಳು ಇದ್ದವು. ತಗಡಿನ ಡಬ್ಬಿಯಲ್ಲಿ ಬೇಯಿಸಿ, ರಸವನ್ನು ಎಲೆಯ ದೊನ್ನೆಯಲ್ಲಿ ಹಿಡಿದು ತಿಬೂರ್ಸಿಯುವಿನ ಬಾಯಿಗಿಟ್ಟ. ಅವನು ಎರಡು ಗುಟುಕು ನುಂಗಿ ಸಾಕೆಂದ. "ನೀನು ತಿನ್ನು. ನನ್ನನ್ನ ಹೊರೋನು ನೀನು." ಕಿಂಟಿನು ಮಾಂಸ ತಿಂದ. ಹಸಿವಿಗೆ ರುಚಿಯಾಗಿಯೇ ಇತ್ತು. ಆ ರುಚಿಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

"ಕಿಂಟು" ಎಂದ ತಿಬೂರ್ಸಿಯು ಬೆಂಕಿಯನ್ನು ನೋಡುತ್ತ, "ಆ ಕೋವಿಗೆ ಏನಾಗಿತ್ತೋ?"

ಕಿಂಟಿನು ಬೆಂಕಿಗೆ ಇನ್ನೊಂದು ಸೌದೆ ಇಟ್ಟ. ಎದುರಿಗಿದ್ದವನ ಒಂದೇ ಕಣ್ಣು ಈಗ ಬೆಂಕಿಯಿಂದ ಅವನ ಮುಖಕ್ಕೆ ತಿರುಗಿತ್ತು. ಅದರಲ್ಲಿ ಅನುಮಾನವಿರಲಿಲ್ಲ, ಕೋವಿಯ ವಿಷಯ ಚೆನ್ನಾಗಿ ಗೊತ್ತಿದ್ದವನನ್ನು ಕೇಳುವ ರೀತಿ ಅದು, ಅಷ್ಟೆ.

"ಮದ್ದು ಜಾಸ್ತಿ ಹಾಕಿದ್ದೆ ನೀನು" ಎಂದ ಕಿಂಟಿನು.

ತಿಬೂರ್ಸಿಯು ಬಟ್ಟೆ ಸುತ್ತಿದ ಕೈಯನ್ನು ತಿರುಗಿಸಿ ನೋಡಿದ. "ಹೌದು" ಎಂದ ಕೊನೆಗೆ. "ನೀನು ಹೇಳಿದ್ದೆ. ಮೊದಲ ದಿನಾನೂ ಹೇಳಿದ್ದೆ, ನಿನ್ನೆ ಸಂಜೇನೂ ಹೇಳ್ದೆ. ನನ್ನ ತಲೆ ಕಲ್ಲು." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ನಿನ್ನಕ್ಕನಿಗೆ ಹಾಗೇ ಹೇಳು. ಇಲ್ಲದಿದ್ರೆ ಯಾರೋ ಮಾಟ ಮಾಡಿಸಿದ್ರು ಅಂತ ಊರೆಲ್ಲ ಬೈಕೊಂಡು ತಿರುಗ್ತಾಳೆ. ನನ್ನದೇ ತಪ್ಪು ಅನ್ನು" ಎಂದ.

ಕಿಂಟಿನು ತಲೆಯಾಡಿಸಿದ. ಅವನ ಜೀವಮಾನದಲ್ಲಿ ಅದಕ್ಕಿಂತ ನೀಚವಾದ ಕೆಲಸ ಬೇರೆ ಮಾಡಿರಲಿಲ್ಲ, ಮತ್ತು ಮಾಡುತ್ತಿರುವಾಗಲೇ ಅವನಿಗೆ ಅದು ಗೊತ್ತಿತ್ತು.

ಬೆಳಗಾದಾಗ ತಿಬೂರ್ಸಿಯುವಿನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮೈ ಕಾದಿತ್ತು. ಬೆನ್ನಿಗೆ ಕಟ್ಟಿಕೊಂಡಾಗ ಸತ್ತುಹೋದ ತಾಯಿಯೊಂದಿಗೆ, ಹುಟ್ಟದ ಮಕ್ಕಳೊಂದಿಗೆ ಮಾತಾಡುತ್ತಿದ್ದ. ಎರಡನೆಯ ಹೊಳೆಯವರೆಗೆ ಮಾತಿತ್ತು. ಆಮೇಲೆ ಬರೀ ಉಸಿರು. ಮೂರನೆಯ ಹೊಳೆಗೆ ಇಳಿಯುವ ಮುಂಚೆ, ಹಳೆಯ ತೋಟದ ಪಾಳುಗೋಡೆ ಕಾಣಿಸುವಾಗ, ಕಿಂಟಿನುವಿನ ಕತ್ತಿನ ಮೇಲಿದ್ದ ಗಡ್ಡದ ತಲೆ ಪಕ್ಕಕ್ಕೆ ವಾಲಿತು. ಬೆನ್ನ ಮೇಲಿನ ಭಾರ ಒಂದೇ ಸಲ ಹೆಚ್ಚಾದಂತಾಯಿತು. ಅವನು ಇಳಿಸಿ ನೋಡಲಿಲ್ಲ. ಇಳಿಸಿದರೆ ಮತ್ತೆ ಎತ್ತಲಾರೆ ಎಂದು ಗೊತ್ತಿತ್ತು. "ಸೇರಿದ್ವಿ ಭಾವ, ಇನ್ನೊಂದು ಹೊಳೆ" ಎನ್ನುತ್ತಲೇ ನೀರಿಗಿಳಿದ.

ಊರ ಮೇಲಿನ ಕೋಕೋ ತೋಟದಲ್ಲಿ ಎರ್ಮೆಲಿಂಡ ಸೌದೆ ಆರಿಸುತ್ತಿದ್ದಳು. ಮರಗಳ ನಡುವೆ ಅವರಿಬ್ಬರನ್ನು ದೂರದಿಂದ ಕಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೋಡಿ, ನೋಡಿ. ಕಳ್ಳು ಸಿಕ್ಕಿದ್ದೇ ಕುಡಿದು ಬಿದ್ದಿರ್ಬೇಕು. ಎಣಿಸೋನಿಗೆ ಹೊರೋ ಕೆಲಸಾನೂ ಬಂತು" ಎಂದು ಕೂಗಿದಳು.

ಕಿಂಟಿನು ಮುಂದಕ್ಕೆ ಹೆಜ್ಜೆ ಹಾಕುತ್ತಲೇ ಇದ್ದ. ಅವಳು ನಗುತ್ತಲೇ ನಾಲ್ಕು ಹೆಜ್ಜೆ ಹತ್ತಿರ ಬಂದಳು. ಆಮೇಲೆ ನೇತಾಡುತ್ತಿದ್ದ ಕೈ ಅವಳ ಕಣ್ಣಿಗೆ ಬಿತ್ತು.

ಸಾವಿನ ಮನೆಯಲ್ಲಿ ಏಳು ದಿನ ಜನ. ಗಂಡಸರು ಅಂಗಳದ ಬೆಂಚುಗಳ ಮೇಲೆ ಇಸ್ಪೀಟು ಹಿಡಿದು ಕೂತರು, ಹೆಂಗಸರು ಒಳಗೆ ಚಾಪೆಯ ಮೇಲೆ. ದೊಡ್ಡ ಪಾತ್ರೆಗಳಲ್ಲಿ ಹುರುಳಿ, ಮೀನು, ಸೊಪ್ಪು ಕುದಿಯುತ್ತಲೇ ಇದ್ದವು. ಪೊಲೀಸರು ಬಂದು ಕಿಂಟಿನುವಿನ ಹೇಳಿಕೆ ಬರೆದುಕೊಂಡು, ಅಪಘಾತವೆಂದು ಷರಾ ಹಾಕಿ ಹೋದರು. ಊರಿನಲ್ಲಿ ಮಾತುಗಳು ಎದ್ದವು. ಕಚೇರಿಯವರೇ ಕೋವಿಗೆ ಏನೋ ಮಾಡಿಸಿದರು ಎಂದು ಒಬ್ಬ. ಎಣಿಸುವವನು ಮಂತ್ರಿಸಿ ಕೊಟ್ಟಿದ್ದ ಎಂದು ಇನ್ನೊಬ್ಬ. ಎರ್ಮೆಲಿಂಡಳ ಕಿವಿಗೆ ಅದು ಬಿದ್ದದ್ದು ಏಳನೆಯ ದಿನ, ಇಗರ್ಜಿಯ ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಾಗ. ಕಪ್ಪು ಬಟ್ಟೆಯಲ್ಲಿದ್ದ ಅವಳು ಸೌಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಬಂದು ನಿಂತಳು.

"ನನ್ನ ತಮ್ಮನ ವಿಷಯ ಮಾತಾಡೋರು ನನ್ನ ಅನ್ನದ ತಟ್ಟೆ ಕೆಳಗಿಟ್ಟು ಮಾತಾಡಿ. ಮದ್ದು ಕಡಿಮೆ ಹಾಕು ಅಂತ ಅವನು ಎರಡು ಸಲ ಹೇಳಿದ್ದ. ಕೇಳದಿದ್ದೋನು ನನ್ನ ಗಂಡ. ಎರಡು ದಿನ ಬೆನ್ನ ಮೇಲೆ ಹೊತ್ತು ತಂದ. ನಿಮ್ಮಲ್ಲಿ ಯಾರು ಹೊರ್ತಿದ್ರಿ?"

ಒಬ್ಬ ಮುದುಕ ಎದ್ದು ಬಂದು ಕಿಂಟಿನುವಿನ ಬೆನ್ನು ಸವರಿ, ತನ್ನ ಪಾಲಿನ ಮೀನಿನ ತುಂಡನ್ನು ಅವನ ತಟ್ಟೆಗೆ ಹಾಕಿದ. ಕಿಂಟಿನು ಆ ತುಂಡನ್ನು ಮುಟ್ಟಲಿಲ್ಲ. ತಟ್ಟೆ ಕೆಳಗಿಟ್ಟು, ಹಿತ್ತಲಿನ ಅಡುಗೆ ಚಪ್ಪರಕ್ಕೆ ಹೋದ. ಎರ್ಮೆಲಿಂಡ ಅಲ್ಲಿ ಒಬ್ಬಳೇ ಕೊಳ್ಳಿಗಳನ್ನು ಒಲೆಯೊಳಕ್ಕೆ ತಳ್ಳುತ್ತಿದ್ದಳು.

"ಅಕ್ಕ, ನಳಿಗೆ ಬಿರುಕು ಬಿಟ್ಟಿತ್ತು."

"ಯಾವುದು?"

"ಕೋವೀದು. ಹಿಡಿಕೆ ಅಡೀಲಿ. ತಂತಿ ಸುತ್ತಿದ್ದು ಅದಕ್ಕೇ."

ಅವಳು ಕೊಳ್ಳಿಯನ್ನು ಅಲ್ಲೇ ಬಿಟ್ಟು ನಿಧಾನವಾಗಿ ಅವನ ಕಡೆ ತಿರುಗಿದಳು. "ಯಾವಾಗ ಗೊತ್ತಾಯ್ತು ನಿನಗೆ?"

"ಕೊಡೋಕೆ ಮುಂಚೆ."

"ಮುಂಚೆ ಅಂದ್ರೆ?"

"ಒಂದು ತಿಂಗಳು."

ಹೊರಗೆ ಊಟ ಮುಗಿಸಿದವರು ಯಾರೋ ಇಸ್ಪೀಟು ಎಲೆ ಬಡಿದು ಹಾಕಿದ ಸದ್ದಾಯಿತು. ಎರ್ಮೆಲಿಂಡ ಸೆರಗಿನಂತೆ ಹೊದ್ದಿದ್ದ ಕಪ್ಪು ಬಟ್ಟೆಯಿಂದ ಮುಖದ ಬೆವರು ಒರೆಸಿಕೊಂಡಳು. ಕೂಗಲಿಲ್ಲ. ಅವಳು ಕೂಗುತ್ತಾಳೆ, ಕೊಳ್ಳಿಯಲ್ಲಿ ಹೊಡೆಯುತ್ತಾಳೆ ಎಂದುಕೊಂಡೇ ಬಂದಿದ್ದ ಕಿಂಟಿನುವಿಗೆ ಆ ಸಣ್ಣ ದನಿ ಹೆದರಿಕೆ ಹುಟ್ಟಿಸಿತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಂದಿ ಕೊಡ್ತಿರ್ಲಿಲ್ಲ."

"ಅವನಿಗೆ ಗೊತ್ತಿತ್ತಾ? ಸಾಯೋವಾಗ?"

"ಇಲ್ಲ. ಕೇಳ್ದ. ಮದ್ದು ಜಾಸ್ತಿ ಅಂದೆ. ತನ್ನದೇ ತಪ್ಪು ಅಂದ್ಕೊಂಡು…"

"ಸಾಕು" ಎಂದಳು. ಹೊರಗೆ ಜಾರಿದ ಕೊಳ್ಳಿಯನ್ನು ಒಲೆಯ ಕಲ್ಲುಗಳ ನಡುವೆ ಸರಿಸಿದಳು. "ಈಗಷ್ಟೇ ಹೊರಗೆ ನಿಂತು ಹೇಳಿದೆ ನಾನು, ಅಷ್ಟೂ ಜನಕ್ಕೆ. ಅವರಿನ್ನೂ ಅಲ್ಲೇ ಇದ್ದಾರೆ. ಹೋಗು. ಈಗ ನೀನು ಹೇಳು."

ಅವನು ಹೋಗಿ ಹೇಳಿದ. ಎಷ್ಟು ಜೋರಾಗಿ ಹೇಳಿದನೋ, ಎಷ್ಟು ಮೆಲ್ಲಗೆ ಹೇಳಿದನೋ ಅವನಿಗೆ ನೆನಪಿಲ್ಲ. ಬೆಂಚುಗಳ ಮೇಲಿನ ಗಂಡಸರು ಎಲೆಗಳನ್ನು ಕೈಯಲ್ಲಿ ಹರಡಿ ಹಿಡಿದವರು ಹಾಗೆಯೇ ಕೇಳಿದರು. ಯಾರೂ ಬೈಯಲಿಲ್ಲ, ಯಾರೂ ಕೈ ಎತ್ತಲಿಲ್ಲ. ಮಾತು ಮುಗಿದಾಗ ಒಬ್ಬೊಬ್ಬರೇ ಎದ್ದು ಟೋಪಿ ಹಾಕಿಕೊಂಡು ಹೊರಟರು. ಅವನು ನಿಂತಿದ್ದ ಕಡೆ ಬಂದಾಗ ಅಂಗಳದಲ್ಲಿ ಕಂಬವಿದ್ದರೆ ಬಳಸಿ ಹೋಗುವಂತೆ ಬಳಸಿ ಹೋದರು.

ಮರುದಿನ ಅವನು ಹಂದಿಯನ್ನೂ ಉಳಿದಿದ್ದ ಮರಿಗಳನ್ನೂ ಅಟ್ಟಿಕೊಂಡು ಹೋಗಿ ಅಕ್ಕನ ಬೇಲಿಯೊಳಗೆ ಬಿಟ್ಟ. ಎರ್ಮೆಲಿಂಡ ಹೊರಬಂದು ಬೇಲಿಯ ಬಾಗಿಲು ತೆಗೆದು ಅವುಗಳನ್ನು ಓಡಿಸಿದಳು. ಕೋಕೋ ತೋಟ ದಾಟಿ ಅವು ಕಾಡು ಸೇರಿದವು. ಹಿಡಿಯಹೋದವರನ್ನು ಅವಳು ಕಲ್ಲು ಬೀರಿ ಅಟ್ಟಿದಳು.

ಪೇಟೆಯ ಠಾಣೆಗೆ ತಾನೇ ಹೋಗಿ ಹೇಳಿಕೆ ತಿದ್ದಿಸಿದ. ಅವರು ಮೂರು ದಿನ ಕೂರಿಸಿಕೊಂಡು, ಬಿರುಕು ಬಿಟ್ಟ ಕೋವಿ ಕೊಟ್ಟದ್ದಕ್ಕೆ ಯಾವ ಕಲಮು ಹಾಕಬೇಕೆಂದು ಗೊತ್ತಾಗದೆ ಕಳಿಸಿಬಿಟ್ಟರು. ಕಚೇರಿಯಲ್ಲಿ ದೋನಾ ಇಸೌರ ಎಲ್ಲವನ್ನೂ ಕೇಳಿದರು. ಬಿಡಾರದಲ್ಲಿ ಬೇಟೆಗಾರನನ್ನು ಕಂಡು ಸುಮ್ಮನಿದ್ದದ್ದನ್ನೂ ಅವನು ಮುಚ್ಚಿಡಲಿಲ್ಲ.

"ಆ ಹಕ್ಕಿಯ ದನಿ ನಿನ್ನಷ್ಟು ಚೆನ್ನಾಗಿ ಹಿಡಿಯೋರು ನನಗೆ ಇನ್ನೊಬ್ಬರು ಸಿಗಲ್ಲ, ಕಿಂಟಿನು" ಎಂದರು ಅವರು, ಮೇಜಿನ ಮೇಲಿನ ಕಾಗದವನ್ನು ನೇರ ಮಾಡುತ್ತ. "ಆದ್ರೂ ಆಗಲ್ಲ." ಅವನು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದ.

ಸಾಂತ ರಿತದಲ್ಲಿ ಆಮೇಲೆ ಇರಲಾಗಲಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ದ್ವೀಪದ ಬಡಗಣ ತುದಿಯಲ್ಲಿ, ಮಳೆ ಕಡಿಮೆ ಬೀಳುವ ಬಯಲಿನಲ್ಲಿ, ತೆಂಗಿನ ತೋಟವೊಂದರಲ್ಲಿ ಕಾಯಿ ಸುಲಿಯುವ ಕೆಲಸ ಹಿಡಿದ. ಅಲ್ಲಿ ದೊಡ್ಡ ಮರವಿಲ್ಲ. ಬೆಳಿಗ್ಗೆ ಎದ್ದರೆ ಸಮುದ್ರದ ಸದ್ದು, ಹಕ್ಕಿಗಳಿಲ್ಲದ ಬೋಳು ಆಕಾಶ. ಜೊತೆಯ ಕೆಲಸದವರಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಅವರು ಅವನಿಗೆ ಹೊಸ ಹೆಸರನ್ನೂ ಇಡಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ, ಯಜಮಾನನ ಕೆಲಸಕ್ಕೆಂದು ಪೇಟೆಗೆ ಹೋದವನು ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ಎರ್ಮೆಲಿಂಡಳನ್ನು ಕಂಡ. ಕಪ್ಪು ಬಟ್ಟೆ ಬಿಟ್ಟಿರಲಿಲ್ಲ. ಸೊರಗಿದ್ದಳು, ಮುಂಗೈಯ ನರಗಳು ಎದ್ದು ಕಾಣುತ್ತಿದ್ದವು. ಬೇಸಿನ್ನಿನಲ್ಲಿ ಬರೀ ಮೀನು. ಅವನು ಆಚೆ ಹೋಗಿ, ಈಚೆ ಬಂದು, ಕೊನೆಗೆ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಅವಳು ತಲೆಯೆತ್ತಿದಳು. ಗುರುತು ಹಿಡಿದಳು ಎಂಬುದು ಅವಳ ಕೈ ಒಂದು ಗಳಿಗೆ ನಿಂತದ್ದರಲ್ಲಿ ಗೊತ್ತಾಯಿತು.

"ಯಾವ್ದು ಬೇಕು?" ಎಂದಳು.

"ಅಕ್ಕ…"

"ಹಾರುಮೀನಿದೆ, ಹೊಗೆ ಹಾಕಿದ್ದಿದೆ. ಯಾವ್ದು?"

ಅವನು ಹಾರುಮೀನಿನ ಕಡೆ ಬೆರಳು ತೋರಿಸಿದ. ಅವಳು ಮೂರು ಮೀನು ಆರಿಸಿ, ಪೊರೆ ಹೆರೆದು, ಕರುಳು ತೆಗೆದು, ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಕೊಟ್ಟ ನೋಟನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಚಿಲ್ಲರೆ ವಾಪಸು ಕೊಟ್ಟಳು. ಅವಳ ಬೆರಳು ಅವನ ಅಂಗೈಗೆ ತಾಗಲಿಲ್ಲ. ಕಿಂಟಿನು ಎಲೆಯ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ಹಿಂದೆ ಜನ ಕಾಯ್ತಿದ್ದಾರೆ" ಎಂದಳು ಎರ್ಮೆಲಿಂಡ. "ಆ ಕಡೆ ಸರಿ."

ಅವನು ಸರಿದು ನಿಂತ. ಅವಳು ಚಾಕುವನ್ನು ನೀರಿನಲ್ಲಿ ಅದ್ದಿ ಒರೆಸಿ, ಮುಂದಿನವರಿಗೆ ಯಾವುದು ಬೇಕೆಂದು ಕೇಳಿದಳು.